ಘಟ್ಟದ ಕೆಳಗೊಂದು ಬಾಡಿಗೆಯ ಮನೆ

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ನನ್ನ ಮಿತ್ರರೊಬ್ಬರು ಸಂಸಾರ ಸಮೇತರಾಗಿ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು ಹೋದರು. ಹೊರಡುವ ದಿನ ಸಂಜೆ, ಅಂಗಳದ ತೆಂಗಿನ ಮರಗಳ ನಡುವಿನಿಂದ ಹೊಳೆಯ ಅಳಿವೆಯನ್ನೂ ಅದರಾಚೆ ಸೂರ್ಯ ಮುಳುಗುತ್ತಿದ್ದ ಕಡಲನ್ನೂ ನೋಡುತ್ತ ನಿಂತ ಅವರು ದೀರ್ಘವಾಗಿ ಉಸಿರೆಳೆದು, “ನೀವು ಪುಣ್ಯವಂತರು ಸ್ವಾಮಿ. ನಾವು ಅಲ್ಲಿ ಹೊಗೆ ಕುಡಿಯುತ್ತ ದಿನ ನೂಕುತ್ತೇವೆ, ನೀವು ಸ್ವರ್ಗದಲ್ಲಿ ಕುಳಿತು ಸಂಬಳ ತೆಗೆದುಕೊಳ್ಳುತ್ತೀರಿ” ಎಂದರು. ಅವರ ಶ್ರೀಮತಿಯವರು ಅಷ್ಟಕ್ಕೇ ನಿಲ್ಲದೆ, ನಿವೃತ್ತಿಯಾದೊಡನೆ ಈ ಊರಿನಲ್ಲಿಯೇ ಒಂದು ಪುಟ್ಟ ಹೆಂಚಿನ ಮನೆ ಕೊಳ್ಳುವುದೆಂದು ತೀರ್ಮಾನಿಸಿ, ಬೆಲೆ ವಿಚಾರಿಸಿ ತಿಳಿಸಬೇಕೆಂದು ನನಗೆ ಅಪ್ಪಣೆ ಮಾಡಿದರು. ಒಳಗೆ ರಾಗಿಹಿಟ್ಟನ್ನು ಜರಡಿ ಹಿಡಿಯುತ್ತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅತಿಥಿಗಳು ಹೋದ ಮೇಲೆ ನನ್ನನ್ನು ಕರೆದು, “ಅವ್ರಿಗೆ ಆಷಾಢದಾಗೆ ಒಂದ್ಸಾರಿ ಬಂದು ನೋಡ್ಕಂಡು ಹೋಗೋಕೆ ಹೇಳ್ಲಾ” ಎಂದಳು.

ಅವ್ವನ ಮಾತನ್ನು ನಾನು ಅವರಿಗೆ ಮುಟ್ಟಿಸಲಿಲ್ಲ. ಮನೆಯ ಬೆಲೆಯನ್ನೂ ವಿಚಾರಿಸಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಈ ವಾರದ ಪುಟವನ್ನೇ ಆ ಉತ್ತರಕ್ಕೆ ಮೀಸಲಿಡುತ್ತಿದ್ದೇನೆ. ಹೊರಗೆ ಈಗ ಜುಲೈ ತಿಂಗಳ ಮಳೆ ಹೊಯ್ಯುತ್ತಿದೆ. ಬರೆಯುವ ಕಾಗದ ಅಂಗೈಗೆ ಅಂಟುತ್ತಿದೆ.

ನನ್ನ ಊರು ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು. ಹೆಸರಿನಲ್ಲಿ ಹಳ್ಳಿಯೂ ಉಂಟು, ಮೈಸೂರೂ ಉಂಟು, ಆದ್ದರಿಂದ ಪರಸ್ಥಳದಲ್ಲಿ ಊರ ಹೆಸರು ಹೇಳಿದರೆ ಕೇಳಿದವರು ಮೊದಲ ಅರ್ಧವನ್ನು ನುಂಗಿಬಿಟ್ಟು, “ಓಹೋ, ಮೈಸೂರಿನವರೋ!” ಎಂದು ಗೌರವ ಕೊಡುತ್ತಾರೆ. ಅತ್ತ ಹೇಮಾವತಿ, ಇತ್ತ ಕಾವೇರಿ. ಎರಡು ಮಹಾನದಿಗಳ ನಡುವಿನ ನೆಲ ಅದು. ಹಾಗಿದ್ದೂ ನಮ್ಮಪ್ಪನ ಎರಡೂವರೆ ಎಕರೆ ಎತ್ತರದ ಹೊಲ ಆಕಾಶವನ್ನೇ ನಂಬಿ ಬದುಕಿತು. ರಾಗಿ, ಹುರುಳಿ, ಮುಂಗಾರಿಗೆ ಆಲೂಗೆಡ್ಡೆ. ನನ್ನ ಬಾಲ್ಯದಲ್ಲಿ ನೀರೆಂದರೆ ಕೆರೆ. ಅದು ಬೇಸಗೆಯಲ್ಲಿ ಬತ್ತಿದಾಗ ಊರಿಗೆ ಊರೇ ಇಳಿದು ಕೆಸರಿನಲ್ಲಿ ಮೀನು ಹಿಡಿಯುತ್ತಿದ್ದ ಒಂದು ದಿನವೇ ನಮಗೆ ಸಮುದ್ರಯಾನ. ಕನ್ನಡ ಎಂ.ಎ. ಮಾಡಿ ಅಧ್ಯಾಪಕನಾದ ಮೇಲೆ ಹಾಸನದ ಸೀಮೆಯಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಹಲವು ವರ್ಷ ಪಾಠ ಮಾಡಿದೆ. ಕೋಟದ ಸುತ್ತಿನ ಆ ಬದುಕನ್ನೂ, ಮೂರು ತಲೆಮಾರಿನ ಬವಣೆಯನ್ನೂ ವಿದ್ಯಾರ್ಥಿಗಳಿಗೆ ವಿವರಿಸುವಾಗ ಕಡಲಿನ ಬಗ್ಗೆ ನನಗೆ ತಿಳಿಯದ್ದು ಏನೂ ಉಳಿದಿಲ್ಲವೆಂಬ ಧೈರ್ಯ ನನಗಿತ್ತು. ಆಗ ನಾನು ಕಡಲನ್ನು ಕಂಡದ್ದು ಎರಡು ಸಲ, ಅದೂ ಪ್ರವಾಸದ ಬಸ್ಸಿನ ಕಿಟಕಿಯಿಂದ.

2022ರಲ್ಲಿ ಕುಂದಾಪುರದ ಕಡೆಯ ಕಾಲೇಜೊಂದಕ್ಕೆ ನನಗೆ ವರ್ಗವಾಯಿತು. ಮನೆಯವರು ಚಿಂತೆಗೊಳಗಾದರು, ನಾನು ಮಾತ್ರ ಹಿಗ್ಗಿದೆ. ಕುಂದಾಪುರದ ಪೇಟೆಯಲ್ಲಿಯೇ ಮನೆ ಹಿಡಿಯಿರೆಂದು ಸಹೋದ್ಯೋಗಿಗಳು ತಿಳಿಯಹೇಳಿದರು. ಆದರೆ ಹೊಳೆಯಾಚೆ ಕಾಣುತ್ತಿದ್ದ ಗಂಗೊಳ್ಳಿಯ ತೆಂಗಿನ ಸಾಲು, ಕೆಂಪು ಹೆಂಚಿನ ಮಾಡುಗಳು, ಬಣ್ಣ ಬಳಿದ ಬೋಟುಗಳು ನನ್ನ ಕಣ್ಣು ಕಟ್ಟಿದ್ದವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಜಾಗ ಅದು. ಇತ್ತ ಕುಂದಾಪುರ, ಅತ್ತ ಗಂಗೊಳ್ಳಿ. ಕೂಗಿದರೆ ಕೇಳಿಸೀತೆನ್ನುವಷ್ಟು ಹತ್ತಿರ ಕಾಣುತ್ತದೆ. ರಸ್ತೆ ಹಿಡಿದು ಹೋದರೆ ಮಾತ್ರ ಹೆದ್ದಾರಿಯಲ್ಲಿ ಬಡಗಲಿಗೆ ತ್ರಾಸಿಯವರೆಗೆ ಹೋಗಿ, ಅಲ್ಲಿಂದ ತಿರುಗಿ ಮತ್ತೆ ತೆಂಕಲಿಗೆ ಬರಬೇಕು. ಹದಿನೈದು ಹದಿನಾರು ಕಿಲೋಮೀಟರಿನ ಸುತ್ತು. ಕವಿಹೃದಯದವರು ಬಾಡಿಗೆಮನೆ ಹುಡುಕುವಾಗ ಬಸ್ಸಿನ ವೇಳೆಯನ್ನು ವಿಚಾರಿಸುವುದಿಲ್ಲ.

ಅವ್ವನನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಹೊಲವನ್ನು ವಾರಕ್ಕೆ ಕೊಟ್ಟು, ಹಸುವನ್ನು ಅಕ್ಕನ ಮನೆಗೆ ಹೊಡೆಸಿ, ಎರಡು ಮೂಟೆ ರಾಗಿಯನ್ನೂ ಒಂದು ಮುದ್ದೆ ಕೋಲನ್ನೂ ಜೊತೆಗೆ ಕಟ್ಟಿಕೊಂಡು ಹೊರಟಳು. ಹಾಸನದಲ್ಲಿ ರಾತ್ರಿ ಹತ್ತಿದ ರೈಲಿನ ಹೆಸರೂ ‘ಪಂಚಗಂಗಾ’ ಎಂದೇ. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಮೇಲೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ರೈಲು ಇದು, 2020ರಿಂದ ಓಡುತ್ತಿದೆ. ನಾವು ಇಳಿಯಬೇಕಾಗಿದ್ದ ಊರಿನ ಹೊಳೆಯೇ ನಮ್ಮ ಸೀಮೆಯವರೆಗೆ ಬಂದು ಕರೆದೊಯ್ದಂತೆ ನನಗೆ ತೋರಿತು. ಅವ್ವನಿಗೆ ಇಂಥ ಅಲಂಕಾರಗಳು ತೋರುವುದಿಲ್ಲ. ಘಟ್ಟದ ಸುರಂಗಗಳಲ್ಲಿ ಗಾಡಿ ನುಗ್ಗಿದಾಗಲೆಲ್ಲ ರಾಗಿ ಮೂಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು.

ಮೊದಲ ಹತ್ತು ದಿನ ನಮ್ಮ ಮಿತ್ರರು ಕಂಡ ಸ್ವರ್ಗವೇ. ನವೆಂಬರಿನ ಬಿಸಿಲು, ಹಿತವಾದ ಗಾಳಿ, ಸಂಜೆ ದಡಕ್ಕೆ ನಡಿಗೆ. ಹತ್ತಿರದ ಮರವಂತೆಯಲ್ಲಿ ಒಂದು ಪಕ್ಕಕ್ಕೆ ಸೌಪರ್ಣಿಕಾ, ಇನ್ನೊಂದು ಪಕ್ಕಕ್ಕೆ ಕಡಲು, ನಡುವೆ ಹೆದ್ದಾರಿ. ಅಲ್ಲಿ ನಿಂತು ಮನೆಮಂದಿಯೆಲ್ಲ ಚಿತ್ರ ತೆಗೆಸಿಕೊಂಡೆವು. ಹನ್ನೊಂದನೆಯ ದಿನ ನನ್ನ ಸೈಕಲ್ಲಿನ ಸರಪಳಿಗೆ ತುಕ್ಕು ಕಾಣಿಸಿತು. ತಿಂಗಳೊಳಗೆ ಕಬ್ಬಿಣದ ಬೀರುವಿನ ಕಾಲು, ಬಾಗಿಲ ಚಿಲಕ, ಕಿಟಕಿಯ ಸರಳುಗಳೆಲ್ಲ ಕೆಂಪಾದವು. ಬೇಸಗೆ ಬಲಿತಂತೆ ಬಾವಿಯ ನೀರು ಉಪ್ಪಾಯಿತು. ಕುಡಿಯುವುದಕ್ಕೆ ಬೇರೆ ಕಡೆಯಿಂದ ತರಬೇಕಾಯಿತು. ಇನ್ನು ವಾಸನೆ. ಬಂದರಿನ ಕಡೆಯಿಂದ ಗಾಳಿ ಬೀಸಿದರೆ ಮೀನಿನ ವಾಸನೆ ಮನೆಯನ್ನು ಮಾತ್ರವಲ್ಲ, ಒಗೆದ ಬಟ್ಟೆಯನ್ನೂ, ಪುಸ್ತಕವನ್ನೂ, ಕಾಫಿಯನ್ನೂ ಹೊಕ್ಕುತ್ತಿತ್ತು. ನನ್ನ ಮನೆಯಾಕೆ ಊದುಬತ್ತಿಗೆಂದು ತಿಂಗಳ ಲೆಕ್ಕದಲ್ಲಿ ಒಂದು ಹೊಸ ಬಾಬತ್ತನ್ನೇ ತೆರೆದಳು.

ಆದರೆ ಒಂದು ಸುಖವನ್ನು ನಾನು ಮರೆಮಾಚಬಾರದು. ಅದು ಈ ಸೀಮೆಯ ಮಾತು. ಹಳಗನ್ನಡದ, ನಡುಗನ್ನಡದ ಪಾಠಗಳಲ್ಲಿ ‘ಬಪ್ಪ’, ‘ಪೋಪ’, ‘ಕಾಂಬ’ ಎಂಬ ರೂಪಗಳು ಬಂದಾಗ ಹಾಸನದಲ್ಲಿ ನನ್ನ ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು. ಸತ್ತುಹೋದ ರೂಪಗಳೆಂದು ನಾನೂ ಅವಕ್ಕೆ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದೆ. ಇಲ್ಲಿಗೆ ಬಂದ ಮೂರನೆಯ ದಿನ ಬಸ್ಸಿನಲ್ಲಿ ಮೀನಿನ ಬುಟ್ಟಿಯವಳೊಬ್ಬಳು ಇನ್ನೊಬ್ಬಳಿಗೆ, “ಹೋಪತಿಗೆ ಹೇಳ್, ಒಟ್ಟಿಗೆ ಹೋಪ” ಎಂದಳು. ನನ್ನ ಮೈ ಜುಮ್ಮೆಂದಿತು. ನಿಘಂಟಿನಲ್ಲಿ ಮಲಗಿದ್ದ ಮಾತು ಬುಟ್ಟಿ ಹೊತ್ತು ಬಸ್ಸಿಗೆ ಹತ್ತಿತ್ತು! ಇಲ್ಲಿಯ ಜನ ತಮ್ಮ ಈ ನುಡಿಗೆ ಆಷಾಢದ ಅಮಾವಾಸ್ಯೆಯಂದು ಹಬ್ಬವನ್ನೇ ಮಾಡುತ್ತಾರೆ, ‘ಕುಂದಾಪ್ರ ಕನ್ನಡ ದಿನ’ವೆಂದು. ನಮ್ಮ ಕಡೆ ಅದೇ ದಿನ ಭೀಮನ ಅಮಾವಾಸ್ಯೆ. ಅವ್ವ ದೀಪ ಹಚ್ಚಿ ಭಂಡಾರ ಒಡೆಸುತ್ತಾಳೆ. ನಾನು ಕಾಲೇಜಿನ ಸಭೆಯಲ್ಲಿ ‘ಬಪ್ಪುದು ಹೋಪುದು’ಗಳ ವ್ಯುತ್ಪತ್ತಿ ಹೇಳುತ್ತೇನೆ. ಕೇಳುವ ಹುಡುಗರಿಗೆ ಇದರಲ್ಲೇನಿದೆ ವಿಶೇಷವೆಂಬ ಬೇಸರ.

ನಮ್ಮ ಮನೆಯ ಒಡತಿ ಕೊಂಕಣಿ ಮಾತಾಡುವ ಖಾರ್ವಿ ಕುಟುಂಬದವರು. ಕಡಲಿಗೆ ಹೋಗುವುದು ಅವರ ಕುಲದ ಕಸುಬು. ಆಕೆಯ ಗಂಡ ಒಂದು ಬೋಟಿನಲ್ಲಿ ತಾಂಡೇಲರು, ಎಂದರೆ ಬೋಟನ್ನು ನಡೆಸುವ ಯಜಮಾನರು, ಮಗನೂ ಅದರಲ್ಲಿಯೇ. ಆಕೆಗೆ ಕನ್ನಡ ಬರುತ್ತದೆ, ಕುಂದಾಪುರದ ಕನ್ನಡ. ಅವ್ವನಿಗೆ ಬರುವುದು ಹೊಳೆನರಸೀಪುರದ ಕನ್ನಡ. ಎರಡೂ ಕನ್ನಡವೇ ಎಂದು ನಾನು ಪ್ರಮಾಣಪತ್ರ ಕೊಟ್ಟರೂ ಮೊದಮೊದಲು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುವುದೇ ಸಂಭಾಷಣೆಯಾಗಿತ್ತು. ನಡುವೆ ದುಭಾಷಿಯಾದದ್ದು ನನ್ನ ಎಂಟು ವರ್ಷದ ಮಗಳು. ಓಣಿಯ ಮಕ್ಕಳೊಂದಿಗೆ ಆಡಿ ಆಡಿ ಆರು ತಿಂಗಳಿನಲ್ಲಿ ಅವಳು ಮಳೆಗೆ ‘ಪಾವಸು’ ಎನ್ನತೊಡಗಿದಳು. ಎಂ.ಎ. ಆದ ಅಪ್ಪನ ಕೊಂಕಣಿ ಇನ್ನೂ ಅಲ್ಲಿಗೇ ನಿಂತಿದೆ.

ಅವ್ವ ಕಡಲ ಮೀನನ್ನು ಮೊದಲು ನಂಬಲಿಲ್ಲ. “ಉಪ್ಪು ನೀರಾಗೆ ಬೆಳೆದದ್ದು ಮುದ್ದೆಗೆ ಹೆಂಗ್ಲಾ ಸೇರ್ತದೆ?” ಎಂದಳು. ಒಡತಿ ಒಂದು ದಿನ ನಾಲ್ಕು ಬಂಗುಡೆ ತಂದುಕೊಟ್ಟಳು. ಅವ್ವ ಅದಕ್ಕೆ ಕೆರೆಮೀನಿನ ಸಾರಿನ ಮಸಾಲೆ ಹಾಕಿ ಕುದಿಸಿ, ಮುದ್ದೆಯೊಂದಿಗೆ ಒಂದು ಪಾಲನ್ನು ಆ ಮನೆಗೂ ಕಳಿಸಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೇಳಲು ಮರೆತದ್ದರಿಂದ ಪಾಪ, ತಾಂಡೇಲರು ಅರ್ಧ ಗಂಟೆ ಅಗಿದರಂತೆ. ಅಂದಿನಿಂದ ಎರಡು ಮನೆಗಳಿಗೂ ಬಳಕೆ ಬೆಳೆಯಿತು. ಬೈಗೆ ಯಾವುದು, ಅಂಜಲ್ ಯಾವುದು, ಕಾಣೆ ಯಾವುದು, ಕಿವಿರು ಎಷ್ಟು ಕೆಂಪಿದ್ದರೆ ಮೀನು ಹೊಸತು ಎಂಬುದನ್ನೆಲ್ಲ ಅವ್ವ ಕಲಿತಳು. ದಕ್ಕೆಯಲ್ಲಿ ಹರಾಜು ನಡೆಯುವ ಹೊತ್ತಿಗೆ ಒಡತಿಯ ಜೊತೆಗೆ ಹೋಗಿ ನಿಲ್ಲತೊಡಗಿದಳು. ನಾನು ಅಲ್ಲಿಗೆ ಹೋಗಿದ್ದು ಒಂದೇ ಸಲ. ಮೂಗು ಮುಚ್ಚಿಕೊಂಡಿದ್ದನ್ನು ಯಾರೋ ನೋಡಿ ನಕ್ಕರು.

ಹೀಗೆ ನೋಡುತ್ತ ನೋಡುತ್ತ ಅವ್ವ ಒಂದು ವಿಷಯವನ್ನು ನನಗಿಂತ ಬೇಗ ಅರಿತಳು. ಈ ಊರಿಗೂ ಬೆಳೆಯ ಹಂಗಾಮಿದೆ, ಬರವಿದೆ, ಸಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಯಿಡುವ ಕಾಲವೆಂದೂ, ಕಡಲು ಕೆರಳುವ ಕಾಲವೆಂದೂ ಸರ್ಕಾರದ ನಿಷೇಧ. ಹತ್ತು ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅವು ಅಲೆಯ ಗುಣ ನೋಡಿ ಕರೆಯ ಹತ್ತಿರದಲ್ಲಿ ಬಲೆ ಹಾಕುತ್ತವೆ. ಉಳಿದವರು ಜಗಲಿಯಲ್ಲಿ ಕುಳಿತು ಬಲೆ ಹೆಣೆಯುತ್ತಾರೆ, ಯಂತ್ರ ಬಿಚ್ಚಿ ಸರಿಮಾಡಿಸುತ್ತಾರೆ. ಸಂಪಾದನೆ ನಿಂತಿರುತ್ತದೆ, ಖರ್ಚು ನಿಂತಿರುವುದಿಲ್ಲ. ಬಿತ್ತನೆಗೆ ಮುಂಚೆ ಬೀಜಕ್ಕೂ ಗೊಬ್ಬರಕ್ಕೂ ಸಾಲ ತಂದು, ಮೋಡ ನೋಡುತ್ತ ಕುಳಿತ ಅಪ್ಪನನ್ನು ಮೂವತ್ತು ವರ್ಷ ಕಂಡವಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. “ನಾವು ಮಳೆ ಬರ್ಲಿ ಅಂತ ಕಾಯ್ತಿದ್ವಿ, ಇವ್ರು ನಿಲ್ಲಲಿ ಅಂತ ಕಾಯ್ತಾರೆ. ಕಾಯೋದು ಒಂದೆಯಾ” ಎಂದಳು ಒಂದು ದಿನ, ಬಲೆಯ ಹರಿದ ಕಣ್ಣುಗಳನ್ನು ಬೆರಳಿನಿಂದ ಎಣಿಸುತ್ತ.

ಪತ್ರಿಕೆಗಳಲ್ಲಿ ‘ಮತ್ಸ್ಯಕ್ಷಾಮ’ ಎಂಬ ಪದವನ್ನು ವಾಚಕರು ನೋಡಿರಬಹುದು. ನಾನು ಅದನ್ನು ಒಳ್ಳೆಯ ಸಮಾಸವೆಂದು ಮಾತ್ರ ಗಮನಿಸಿದ್ದೆ. ಬಡವರ ಮೀನೆನಿಸಿದ ಬೈಗೆಯನ್ನೇ ತೆಗೆದುಕೊಳ್ಳಿ. ತುಳುವಿನಲ್ಲಿ ಅದು ಬೂತಾಯಿ. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನಷ್ಟು ಸಿಕ್ಕಿದ್ದ ಈ ಮೀನು 2021ರಲ್ಲಿ ಮೂರೂವರೆ ಸಾವಿರ ಟನ್ನಿಗಿಂತಲೂ ಕೆಳಗಿಳಿಯಿತೆಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ನೂರಕ್ಕೆ ಒಂದು ಪಾಲೂ ಉಳಿಯಲಿಲ್ಲವೆಂದಾಯಿತು. ಅಂಗಮಾರಿ ರೋಗ ಬಡಿದು ಹಾಸನ ಜಿಲ್ಲೆಯ ಆಲೂಗೆಡ್ಡೆಯ ಹೊಲಗಳು ಒಂದೇ ವಾರದಲ್ಲಿ ಕಪ್ಪಾಗುವುದನ್ನು ಕಂಡವರಿಗೆ ಈ ಅಂಕಿಯ ಅರ್ಥ ತಿಳಿದೀತು. ಮೀನಿನ ವಿಷಯದಲ್ಲಿ ಒಂದು ವ್ಯತ್ಯಾಸವುಂಟು: ಹೊಲ ಕಪ್ಪಾದದ್ದು ಕಣ್ಣಿಗೆ ಕಾಣುತ್ತದೆ, ಕಡಲು ಬರಿದಾದರೂ ಮೊದಲಿನಷ್ಟೇ ನೀಲಿಯಾಗಿರುತ್ತದೆ. ನಮ್ಮಂಥ ನೋಟಕರಿಗೆ ಏನೂ ತಿಳಿಯುವುದಿಲ್ಲ.

ಹಳಬರನ್ನು ಕೇಳಿದರೆ ರಂಪಣಿಯ ಕಾಲವನ್ನು ನೆನೆಯುತ್ತಾರೆ. ಅದು ಕಡಲಿನಲ್ಲಿ ಬಿಲ್ಲಿನಂತೆ ಬಳಸಿ ದಡಕ್ಕೆ ಎಳೆಯುವ ಭಾರೀ ಬಲೆ. ಎಂಬತ್ತು ನೂರು ಮಂದಿ ಕೈಹಾಕಿದರೇ ಬರುವಂಥದು. ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದ ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುಗಟ್ಟಿ ಎತ್ತುವ ಪರ್ಸೀನ್ ಬಲೆ ಬಂದಾಗ ದಡದವರಿಗೂ ಬೋಟಿನವರಿಗೂ ದೊಡ್ಡ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಹಿನ್ನೆಲೆಗೆ ಸರಿಯಿತು. ರಂಪಣಿ ಎಳೆದವರ ಮಕ್ಕಳೇ ಪರ್ಸೀನ್ ಬೋಟಿಗೆ ಹತ್ತಿದರು. ನಮ್ಮಲ್ಲಿ ಎತ್ತು ಹೋಗಿ ಟ್ರ್ಯಾಕ್ಟರು ಬಂದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪು ಕೊಡುವ ಅಧಿಕಾರ ಮೂಗು ಮುಚ್ಚಿಕೊಂಡವನಿಗಿಲ್ಲ.

ಈ ಊರಿಗೆ ಹೊರಗಿನವರು ಬರುವುದೂ ಹೊಸದೇನಲ್ಲ. ಹೊಳೆಯ ಮೇಲ್ಭಾಗದಲ್ಲಿರುವ ಬಸರೂರು ಒಂದು ಕಾಲಕ್ಕೆ ಹೆಸರಾದ ಬಂದರು; ಪೋರ್ಚುಗೀಸರು ಬಂದರು, 1665ರಲ್ಲಿ ಶಿವಾಜಿಯೂ ಹಡಗುಗಳೊಂದಿಗೆ ಬಂದು ಸೂರೆ ಮಾಡಿ ಹೋದನು. ಈಗ ಬರುವವರು ಸೂರೆ ಮಾಡುವುದಿಲ್ಲ, ಜಾಗ ಕೊಳ್ಳುತ್ತಾರೆ. ನನ್ನ ಮಿತ್ರರ ಶ್ರೀಮತಿಯವರಿಗೆ ಇಷ್ಟನ್ನಾದರೂ ತಿಳಿಸಬೇಕು: ಕಡಲ ಅಂಚಿನಲ್ಲಿ ಬೇಕಾದಲ್ಲಿ ಮನೆ ಕಟ್ಟಲು ಬಾರದಂತೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯುಂಟು. 1991ರಲ್ಲಿ ಮೊದಲು ಬಂದದ್ದು 2011ರಲ್ಲಿಯೂ 2019ರಲ್ಲಿಯೂ ರೂಪ ಬದಲಿಸಿದೆ. ಕಾಗದಪತ್ರವನ್ನು ತಿಳಿದವರಿಗೆ ತೋರಿಸದೆ ಮುಂಗಡ ಕೊಡಬಾರದು. ಇನ್ನೂ ಒಂದು ಮಾತು. ಡಿಸೆಂಬರಿನಲ್ಲಿ ಕಂಡ ಮರಳದಂಡೆ ಜುಲೈನಲ್ಲಿ ಇರುತ್ತದೆಂದು ನಂಬಬಾರದು. ಮರವಂತೆಯ ಕಡೆ ಕಡಲ್ಕೊರೆತಕ್ಕೆ ತೆಂಗಿನ ಮರಗಳು ಬುಡಸಮೇತ ಉರುಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಿತ್ರ ತೆಗೆಸಿಕೊಂಡ ಜಾಗದ ಹತ್ತಿರವೇ.

ಮಳೆಯ ವಿಷಯ. ಹೊಳೆನರಸೀಪುರದ ಕಡೆ ವರ್ಷಕ್ಕೆ ಎಂಟುನೂರು ಮಿಲಿಮೀಟರ್ ಮಳೆಯಾದರೆ ಹಬ್ಬ. ಉಡುಪಿ ಜಿಲ್ಲೆಯಲ್ಲಿ ನಾಲ್ಕು ಸಾವಿರದ ಲೆಕ್ಕ. ಮೊದಲ ಮುಂಗಾರಿನಲ್ಲಿ ನನ್ನ ಪುಸ್ತಕಗಳ ಬೆನ್ನಿಗೆ ಬಿಳಿಯ ಬೂಜು ಬೆಳೆಯಿತು. ಪಂಪನನ್ನೂ ಕುಮಾರವ್ಯಾಸನನ್ನೂ ಅಡಿಗೆಯ ಒಲೆಯ ಹತ್ತಿರ ಸಾಲಾಗಿ ನಿಲ್ಲಿಸಿ ಕಾಯಿಸಿದೆವು. ಅದಕ್ಕಿಂತ ದೊಡ್ಡ ಆಘಾತ ರಾಗಿಯದು. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ಎಷ್ಟೋ ವರ್ಷ ಕೆಡದೆ ಇರುತ್ತದೆ; ಬರಗಾಲಕ್ಕೆ ಅದೇ ಬ್ಯಾಂಕು. ಇಲ್ಲಿ ಒಂದೇ ಆಷಾಢಕ್ಕೆ ಮೂಟೆ ಮುಗ್ಗಿತು, ಹಿಟ್ಟು ಗಂಟುಕಟ್ಟಿತು. ಅವ್ವ ಮಾತಾಡದೆ ಕುಳಿತಿದ್ದಳು. ಹಗೇವು ಬಗೆದದ್ದನ್ನು ನೋಡಿದ ಮುಖ ಅದು. ಒಡತಿ ಬಂದು ನೋಡಿ, ಒಂದು ಮಾತೂ ಆಡದೆ, ಒಲೆಯ ಮೇಲಿನ ತನ್ನ ಅಟ್ಟದಲ್ಲಿ, ಹೊಗೆ ತಾಗುವ ಜಾಗದಲ್ಲಿ, ಒಣಮೀನಿನ ಬುಟ್ಟಿಗಳನ್ನು ಸರಿಸಿ ರಾಗಿಗೆ ಸ್ಥಳ ಮಾಡಿದಳು. ಈಗಲೂ ನಮ್ಮ ರಾಗಿ ಅಲ್ಲಿಯೇ ಇರುತ್ತದೆ. ಮುದ್ದೆಗೆ ಸ್ವಲ್ಪ ಒಣಮೀನಿನ ಪರಿಮಳ ಬಂದಿದೆ. ಊರಿನಿಂದ ಬಂದ ಅಕ್ಕನಿಗೆ ಅದು ಹಿಡಿಸಲಿಲ್ಲ, ನಮಗೆ ಅಭ್ಯಾಸವಾಗಿದೆ.

ಈಗ ಕಳೆದ ಅಕ್ಟೋಬರಿನ ಒಂದು ರಾತ್ರಿಯನ್ನು ಹೇಳಬೇಕು. ಹೇಳುವ ಮುನ್ನ 2018ರ ಒಂದು ಸಂಗತಿಯನ್ನು ವಾಚಕರಿಗೆ ನೆನಪು ಮಾಡುತ್ತೇನೆ. ಆ ವರ್ಷ ಡಿಸೆಂಬರ್ 13ರಂದು ಮಲ್ಪೆಯಿಂದ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿಯೊಂದಿಗೆ ಹೊರಟಿತು. ಎರಡು ದಿನಗಳ ಮೇಲೆ ಸಂಪರ್ಕ ಕಡಿಯಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಹುಡುಕಿಕೊಡಿರೆಂದು ಕೇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆಯ ಕಡಲತಳದಲ್ಲಿ ನೌಕಾಪಡೆಯ ಹಡಗಿಗೆ ಬೋಟಿನ ಅವಶೇಷ ಸಿಕ್ಕಿತು. ಮನುಷ್ಯರು ಸಿಗಲಿಲ್ಲ. ಇದು ನಮಗೆ ಪತ್ರಿಕೆಯ ಸುದ್ದಿ. ಈ ಕರಾವಳಿಯ ಹೆಂಗಸರಿಗೆ, ಗಂಡನೋ ಮಗನೋ ಹೊತ್ತಿಗೆ ಸರಿಯಾಗಿ ಬಾರದೆ ಹೋದ ಪ್ರತಿಯೊಂದು ರಾತ್ರಿಯೂ ಎದೆಯಲ್ಲಿ ಎದ್ದು ಕೂರುವ ಹೆಸರು.

ಅಂದು ಹವಾಮಾನದವರು ವಾಯುಭಾರ ಕುಸಿತದ ಎಚ್ಚರಿಕೆ ಕೊಟ್ಟಿದ್ದರು. ಬಹುಪಾಲು ಬೋಟುಗಳು ಮಧ್ಯಾಹ್ನಕ್ಕೇ ಹಿಂದಿರುಗಿದವು. ತಾಂಡೇಲರ ಬೋಟು ಬರಲಿಲ್ಲ; ವೈರ್‌ಲೆಸ್ಸಿಗೂ ಸಿಗಲಿಲ್ಲ. ಸಂಜೆ ಗಾಳಿ ಎದ್ದಿತು. ನಾನು ಕೈಯಲ್ಲಿ ಮೊಬೈಲು ಹಿಡಿದು ಉಪಗ್ರಹದ ಚಿತ್ರಗಳನ್ನು ತೆರೆದು ತೆರೆದು ನೋಡಿದೆ. ಗಾಳಿಯ ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರೆಂದು ಒಡತಿಗೆ ಹೇಳಿದೆ. ವಿದ್ಯಾವಂತನಾದವನು ಸಂಕಟದಲ್ಲಿರುವವರಿಗೆ ಮಾಹಿತಿ ಕೊಡುತ್ತಾನೆ. ಆಕೆ ತಲೆಯಾಡಿಸಿದಳು. “ನಾಳಿಗ್ ಬತ್ರ್ ಅಂಬ್ರ್” ಎಂದಳು, ಯಾರೋ ಹೇಳಿದ್ದನ್ನು ಒಪ್ಪಿಸುವವಳಂತೆ. ಆಮೇಲೆ ಕನ್ನಡವನ್ನು ಬಿಟ್ಟಳು. ಬಾಯಿಗೆ ಕೊಂಕಣಿಯೊಂದೇ ಬರುತ್ತಿತ್ತು.

ಅವ್ವ ನನ್ನ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಗೂಡಿನಲ್ಲಿಟ್ಟು, ಚಾಪೆ ಎತ್ತಿಕೊಂಡು ಆ ಮನೆಯ ಜಗಲಿಗೆ ಹೋದಳು. ಮಗಳೂ ಹಿಂದೆಯೇ ಹೋದಳು. ನಾನು ನಮ್ಮ ಬಾಗಿಲಲ್ಲಿ ನಿಂತು ಕೇಳಿದೆ. ಅವ್ವ ಹೇಳುತ್ತಿದ್ದುದು ಅಪ್ಪನ ಕಥೆ. ನಾನು ಹುಟ್ಟುವುದಕ್ಕೆ ಮುಂಚಿನದಂತೆ, ನನಗೆಂದೂ ಹೇಳಿರಲಿಲ್ಲ. ಆಲೂಗೆಡ್ಡೆಯ ಲಾರಿಯಲ್ಲಿ ಬೆಂಗಳೂರಿನ ಮಂಡಿಗೆ ಹೋದ ಅಪ್ಪ ಮೂರು ರಾತ್ರಿ ಬರಲಿಲ್ಲವಂತೆ. ಆಗ ಊರಿನಲ್ಲಿ ಫೋನು ಇದ್ದದ್ದು ಒಂದು ಕಡೆ. ದಾರಿಯಲ್ಲಿ ಲಾರಿ ಮಗುಚಿದೆಯೆಂದು ಯಾರೋ ಸುದ್ದಿ ತಂದರಂತೆ. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ನಡೆದುಕೊಂಡು ಬಂದು, ಬೆಲೆ ಬಿದ್ದುಹೋಯಿತೆಂದೂ, ಬಾಡಿಗೆಗೂ ದುಡ್ಡು ಹುಟ್ಟಲಿಲ್ಲವೆಂದೂ, ಮುಖ ತೋರಿಸಲಾರದೆ ಹೊಳೆನರಸೀಪುರದ ಛತ್ರದಲ್ಲಿ ಎರಡು ದಿನ ಮಲಗಿದ್ದೆನೆಂದೂ ಹೇಳಿದನಂತೆ. “ಅವತ್ತು ನಾ ಅವರ್ನ ಬೈಯ್ದಷ್ಟು ಇನ್ಯಾವತ್ತೂ ಬೈಯ್ಲಿಲ್ಲ ಕಣವ್ವ” ಎಂದಳು 
ಅವ್ವ. ನನ್ನ ಮಗಳು ಅದನ್ನು ಕೊಂಕಣಿಗೆ ತಿರುಗಿಸಿದಳು. ಎಂಟು ವರ್ಷದ ಹುಡುಗಿ ತನ್ನ ತಾತನ ಅವಮಾನವನ್ನು ಅನುವಾದ ಮಾಡುವಾಗ ಯಾವ ಮಾತು ಹಿಡಿದಳೋ ನಾನರಿಯೆ. ಒಡತಿ ನಕ್ಕಳು, ಆಮೇಲೆ ಅತ್ತಳು.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಗಳು ಅವ್ವನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಇಬ್ಬರು ಹೆಂಗಸರಿಗೆ ದುಭಾಷಿಯೇ ಇರಲಿಲ್ಲ. ಒಬ್ಬಳು ಕೊಂಕಣಿಯಲ್ಲಿ, ಇನ್ನೊಬ್ಬಳು ಹಳ್ಳಿಮೈಸೂರಿನ ಕನ್ನಡದಲ್ಲಿ, ತಡೆತಡೆದು ಏನನ್ನೋ ಮಾತಾಡುತ್ತಲೇ ಇದ್ದರು. ಏಳು ಗಂಟೆಗೆ ಫೋನು ಬಂದಿತು. ಯಂತ್ರ ಕೆಟ್ಟು, ಇನ್ನೊಂದು ಬೋಟು ಹಗ್ಗ ಹಾಕಿ ಎಳೆದು, ಭಟ್ಕಳದ ಕಡೆ ಸೇರಿಕೊಂಡಿದ್ದರು. ಎಲ್ಲರೂ ಕ್ಷೇಮ. ಅವ್ವ ಚಾಪೆ ಸುತ್ತಿಕೊಂಡು ಬಂದು, ಸ್ನಾನ ಮಾಡಿ, ಎಂದಿನಂತೆ ಮುದ್ದೆ ತೊಳಸಿದಳು. ಮಧ್ಯಾಹ್ನ ತಾಂಡೇಲರು ಮನೆಗೆ ಬಂದಾಗ ಆ ಮನೆಯಿಂದ ಬೈಗುಳ ಕೇಳಿಸಿತು. ಕೊಂಕಣಿಯಾದರೂ ನನಗೆ ಪೂರ್ತಿಯಾಗಿ ಅರ್ಥವಾಯಿತು.

ಈ ವರ್ಷ ವರ್ಗಾವಣೆಯ ಕೌನ್ಸೆಲಿಂಗ್ ನಡೆಯುವುದೆಂದು ಸುದ್ದಿ ಬಂದಿದೆ. ಹಾಸನದ ಹತ್ತಿರ ಒಂದು ಜಾಗ ಖಾಲಿಯಿದೆ. ಒಣಗಿದ ಬಟ್ಟೆ, ತುಕ್ಕು ಹಿಡಿಯದ ಸೈಕಲ್ಲು, ಹದಿನಾರು ಕಿಲೋಮೀಟರಿನ ಸುತ್ತಿಲ್ಲದ ದಾರಿ: ಇವೆಲ್ಲ ನನ್ನ ಕಣ್ಣ ಮುಂದೆ ಸುಳಿದವು. ಕಡಲಿನ ಕನಸು ಕಂಡು ಎಲ್ಲರನ್ನೂ ಎಳೆತಂದವನು ನಾನು, ಓಡಿಹೋಗಲು ಅರ್ಜಿ ತುಂಬಿದವನೂ ನಾನೇ. ಮನೆಯಾಕೆ ಒಪ್ಪಿದಳು. ಮಗಳು ಊಟ ಬಿಟ್ಟಳು. ಅವ್ವನಿಗೆ ಸಂತೋಷವಾಗುವುದೆಂದು ತಿಳಿದು, ಮುಂದಿನ ಸುಗ್ಗಿಗೆ ನಮ್ಮ ಹೊಲವನ್ನು ನಾವೇ ಮಾಡಿಸಬಹುದೆಂದು ಹೇಳಿದೆ. ಅವಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಎಂದು ಹಾಕ್ಬೇಕ್ಲಾ ಅರ್ಜಿಯಾ?” ಎಂದು ಕೇಳಿದಳು. ತಿಂಗಳ ಕೊನೆಯೊಳಗೆ ಎಂದೆ. “ಒಂದನೇ ತಾರೀಕು ಬೋಟು ಇಳಿಸ್ತಾರೆ. ಪೂಜೆಗೆ ತೆಂಗಿನಕಾಯಿ ನಂದು ಅಂದ್ಬಿಟ್ಟಿದೀನಿ” ಎಂದಳು.

ಅರ್ಜಿ ಮೇಜಿನ ಮೇಲಿದೆ. ಸಹಿ ಮಾಡಿದ ಜಾಗಕ್ಕೆ ಹೆಂಚಿನ ಸಂದಿಯಿಂದ ಹನಿ ಬಿದ್ದು ಶಾಯಿ ಕದಡಿದೆ. ಇನ್ನೊಂದು ಪ್ರತಿ ಬರೆಯಬೇಕು. ಆಚೆಯ ಜಗಲಿಯಲ್ಲಿ ಬಲೆ ಹರಡಿದ್ದಾರೆ. ಅವ್ವ ಕನ್ನಡಕ ಹಾಕಿಕೊಂಡು ಹರಿದ ಕಣ್ಣು ಹುಡುಕಿ ತೋರಿಸುತ್ತಿದ್ದಾಳೆ, ತಾಂಡೇಲರು ಹೆಣೆಯುತ್ತಿದ್ದಾರೆ. ಅಂಗಳದಲ್ಲಿ ಮಗಳು ಮೂಲೆಯ ಮನೆಯ ಹುಡುಗಿಯೊಂದಿಗೆ ಕಾಗದದ ದೋಣಿ ಬಿಡುತ್ತಿದ್ದಾಳೆ. ಅದು ನನ್ನ ಅರ್ಜಿಯ ಮೊದಲ ಕರಡು ಪ್ರತಿಯೆಂದು ಈಗ ಗೊತ್ತಾಯಿತು.